ಗರ್ವ, ಅಮರ್ಷ ಮತ್ತು ತೀರದ ವೈರ

೧

ತುಂಗಭದ್ರೆಗೆ ಹರಿದ್ರಾನದಿಯು ಬಂದು ಕೂಡುವ ಎಡೆಯಲ್ಲಿರುವ ಹರಿಹರಕ್ಕೆ ಕೂಡಲೂರೆಂಬ ಪ್ರಾಚೀನ ನಾಮವುಂಟು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ೧೨೨೪ರ ಸುಮಾರಿನಲ್ಲಿ ಇಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು. ಸೋಮನಾಥಪುರದ ನಿರ್ಮಾತೃವಾದ ಸೋಮ ದಂಡನಾಯಕನು ೧೨೬೮ರಲ್ಲಿ ಅದನ್ನು ವಿಸ್ತರಿಸಿದನು. ಹರಿಯೇ ಪರದೈವವೆಂದು ಒಂದು ಪಕ್ಷವೂ ಹರನೇ ಪರದೈವವೆಂದು ಇನ್ನೊಂದು ಪಕ್ಷವೂ ಹಟವನ್ನು ಹಿಡಿದಿರಲು, ಲೋಕದ ಸಂಶಯವನ್ನು ಕಳೆಯುವುದಕ್ಕಾಗಿ ಈ ಏಕಮೂರ್ತಿಯು ಇಲ್ಲಿ ನೆಲಸಿತೆಂಬುದು ಇಲ್ಲಿಯ ಶಾಸನವೊಂದರ ತಾತ್ಪರ್ಯವಾಗಿದೆ. ಸ್ಥಳಪುರಾಣವು ಇದೇ ಮಾತನ್ನು ಕಥಾರೂಪದಿಂದ ಹೇಳುತ್ತದೆ. ಗುಹನೆಂಬ ಅಸುರನು ಹರಿಯಿಂದಾಗಲಿ ಹರನಿಂದಾಗಲಿ ತನಗೆ ಮರಣವು ಬಾರದಂತೆ ಬ್ರಹ್ಮನಿಂದ ವರವನ್ನು ಪಡೆದು ಲೋಕಕಂಟಕನಾದನಂತೆ. ಹರಿಹರರಿಬ್ಬರೂ ಒಂದೇ ಶರೀರವನ್ನು ಧರಿಸಿದ ಮೇಲೆಯೇ ಅವನ ಸಂಹಾರವು ಸಾಧ್ಯವಾಯಿತು.

ಈ ಕಥೆಯನ್ನು ಕೇವಲ ಮತಸಮನ್ವಯದ ದೃಷ್ಟಾಂತವೆಂದು ಹೇಳಿ ಮುಗಿಸುವುದು ವಾಡಿಕೆಯಾಗಿದೆ. ಆದರೆ ಇದರಲ್ಲಿ ವಿಚಾರಾರ್ಹವಾದ ಇನ್ನೊಂದಂಶವು ಅಡಕವಾಗಿದೆ. ಅಸುರನ ಬಲವು ಅವನ ತೋಳುಗಳಲ್ಲಿರಲಿಲ್ಲ. ಹರಿಹರರು ಬೇರೆಬೇರೆಯಾಗಿ ನಿಂತಿದ್ದುದರಲ್ಲಿ ಇದ್ದಿತು. ಲೋಕದಲ್ಲಿ ಕೆಲವು ಕಲಹಗಳು ಹೀಗೆಯೇ ಬದುಕುತ್ತವೆ. ಅವುಗಳಿಗೆ ಮೂಲವಾದ ಗದ್ದೆ, ನೀರು, ಕೂಲಿ, ಮರ್ಯಾದೆ ಮುಂತಾದ ವಿಷಯಗಳನ್ನು ಹಂಚಿ ಕೊಟ್ಟರೂ ಕಲಹವು ತೀರುವುದಿಲ್ಲ. ಒಂದು ತಲೆಮಾರು ಅಳಿದು ಮತ್ತೊಂದು ಬಂದರೂ ಅದು ಹಾಗೆಯೇ ನಿಲ್ಲುತ್ತದೆ. ಇದಕ್ಕೆ ಕಾರಣವೇನು, ಪರಿಹಾರವುಂಟೆ ಎಂಬುದನ್ನು ನಮ್ಮ ಅಲಂಕಾರಶಾಸ್ತ್ರ, ನೀತಿಶಾಸ್ತ್ರ ಮತ್ತು ಶಾಸನಗಳ ಸಹಾಯದಿಂದ ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಭಾವಗಳ ವಿಂಗಡಣೆಯಲ್ಲಿ ಭರತಮುನಿಯಷ್ಟು ಸೂಕ್ಷ್ಮವಾಗಿ ನಡೆದವರು ವಿರಳ. ನಾಟ್ಯಶಾಸ್ತ್ರದಲ್ಲಿ ಎಣಿಸಿರುವ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಗರ್ವ, ಅಮರ್ಷ ಎಂಬ ಎರಡನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು. ಗರ್ವವು ಐಶ್ವರ್ಯ, ಕುಲ, ರೂಪ, ಯೌವನ, ವಿದ್ಯೆ, ಬಲ, ಧನಲಾಭ ಮುಂತಾದುವುಗಳಿಂದ ಹುಟ್ಟುತ್ತದೆಂದು ಭರತನ ಮತ. ಅದನ್ನು ಅಭಿನಯಿಸಬೇಕಾದ ಅನುಭಾವಗಳಲ್ಲಿ ಅವಜ್ಞೆ, ಪರಿಹಾಸ, ಕಠಿನವಾದ ಮಾತು ಇವುಗಳೊಡನೆ ಕೇಳಿದ ಮಾತಿಗೆ ಉತ್ತರವನ್ನು ಕೊಡದಿರುವುದೂ ಸೇರಿದೆ. ಎದುರಿಗಿರುವವನು ಇದ್ದೂ ಇಲ್ಲದವನಂತೆ ಕಾಣುವುದೇ ಗರ್ವದ ನಿಜವಾದ ಲಕ್ಷಣವೆಂಬುದನ್ನು ಭರತನು ಹೀಗೆ ಸೂಚಿಸಿದ್ದಾನೆ.

ಅಮರ್ಷದ ಲಕ್ಷಣವಾದರೋ ಇದಕ್ಕೆ ಪ್ರತಿಬಿಂಬದಂತಿದೆ. ವಿದ್ಯೆಯಿಂದಲೋ ಐಶ್ವರ್ಯದಿಂದಲೋ ಶೌರ್ಯದಿಂದಲೋ ಬಲದಿಂದಲೋ ಅಧಿಕರಾದವರು ಒಬ್ಬನನ್ನು ಆಕ್ಷೇಪಿಸಿದಾಗ ಅಥವಾ ಅವಮಾನಗೊಳಿಸಿದಾಗ ಅವನಲ್ಲಿ ಅಮರ್ಷವು ಹುಟ್ಟುತ್ತದೆ. ಇಲ್ಲಿ "ಅಧಿಕರಾದವರು" ಎಂಬ ವಿಶೇಷಣವೇ ಮುಖ್ಯವಾದುದು. ಸಮಾನನು ಬೈದರೆ ಕೋಪವು ಬಂದು ಹೋಗುತ್ತದೆ. ಅಧಿಕನು ಬೈದರೆ ಪ್ರತಿಯಾಗಿ ಆಡಲಾರದ ಮಾತು ಒಳಗೇ ಉಳಿಯುತ್ತದೆ. ಆದುದರಿಂದಲೇ ಅಮರ್ಷಕ್ಕೆ ತಲೆಯನ್ನು ಅಲುಗಿಸುವುದು, ಬೆವರುವುದು, ತಲೆತಗ್ಗಿಸಿ ಚಿಂತಿಸುವುದು, ನಿಶ್ಚಯವನ್ನು ಮಾಡಿಕೊಳ್ಳುವುದು, ಉಪಾಯವನ್ನೂ ಸಹಾಯಕರನ್ನೂ ಹುಡುಕುವುದು ಎಂಬಿವು ಅನುಭಾವಗಳಾಗಿವೆ. ಇವುಗಳಲ್ಲಿ ಕಡೆಯದನ್ನು ಮರೆಯಲಾಗದು. ಒಬ್ಬನ ನೋವು ಸಹಾಯಕರನ್ನು ಅರಸಿ ಹೊರಟಾಗಲೇ ಅದು ಇಬ್ಬರ ಜಗಳವಾಗಿ ಉಳಿಯದೆ ಎರಡು ಪಕ್ಷಗಳ ವೈರವಾಗಿ ಪರಿಣಮಿಸುತ್ತದೆ.

ಹೀಗೆ ಬಲವೆಂಬ ಒಂದೇ ಕಾರಣವು ಉಳ್ಳವನಲ್ಲಿ ಗರ್ವವನ್ನೂ ಇಲ್ಲದವನಲ್ಲಿ ಅಮರ್ಷವನ್ನೂ ಹುಟ್ಟಿಸುತ್ತದೆ. ಆಧುನಿಕ ಮನಶ್ಶಾಸ್ತ್ರಜ್ಞರು ಬೇರೆ ದಾರಿಯಿಂದ ಬಂದು ಇದಕ್ಕೆ ಸಮೀಪವಾದ ನಿರ್ಣಯವನ್ನೇ ಮುಟ್ಟಿರುವರು. ಅಮೆರಿಕದ ಡ್ಯಾಕರ್ ಕೆಲ್ಟ್ನರ್ ಮತ್ತು ಆತನ ಸಹೋದ್ಯೋಗಿಗಳು ೨೦೦೩ರಲ್ಲಿ ಪ್ರಕಟಿಸಿದ ಸಿದ್ಧಾಂತದ ಪ್ರಕಾರ, ಅಧಿಕಾರವುಳ್ಳವನ ಮನಸ್ಸು ಫಲದ ಕಡೆಗೆ ನಿಸ್ಸಂಕೋಚವಾಗಿ ಹರಿಯುತ್ತದೆ. ಅಧಿಕಾರವಿಲ್ಲದವನ ಮನಸ್ಸು ಅಪಾಯದ ಕಡೆಗೆ ಸದಾ ಎಚ್ಚರದಿಂದಿರುತ್ತದೆ. ೨೦೦೬ರಲ್ಲಿ ಆಡಮ್ ಗ್ಯಾಲಿನ್ಸ್ಕಿ ಮೊದಲಾದವರು ನಡಸಿದ ಪ್ರಯೋಗವೊಂದರಲ್ಲಿ, ತಾವು ಅಧಿಕಾರದಲ್ಲಿದ್ದ ಸಂದರ್ಭವನ್ನು ಸ್ಮರಿಸಿಕೊಂಡವರಿಗೆ ತಮ್ಮ ಹಣೆಯ ಮೇಲೆ ಇಂಗ್ಲಿಷಿನ ಒಂದು ಅಕ್ಷರವನ್ನು ಬರೆದುಕೊಳ್ಳುವಂತೆ ಹೇಳಲಾಯಿತು. ಇತರರಿಗಿಂತ ಅವರಲ್ಲಿಯೇ ಹೆಚ್ಚು ಮಂದಿ ಆ ಅಕ್ಷರವನ್ನು ಎದುರಿಗಿದ್ದವನಿಗೆ ತಿರುವುಮುರುವಾಗಿಯೂ ತಮಗೆ ಮಾತ್ರ ಸರಿಯಾಗಿಯೂ ಕಾಣುವಂತೆ ಬರೆದುಕೊಂಡರು. ಭರತನು ಅವಜ್ಞೆಯೆಂದು ಕರೆದುದು ಬಹುಮಟ್ಟಿಗೆ ಇದೇ. ಬಲಿಷ್ಠನು ದುಷ್ಟನಾಗಿಯೇ ಇರಬೇಕಾದುದಿಲ್ಲ. ಎದುರಿಗಿರುವವನ ಕಣ್ಣಿಗೆ ತನ್ನ ಹಣೆ ಹೇಗೆ ಕಾಣುವುದೆಂಬುದು ಅವನಿಗೆ ಹೊಳೆಯುವುದಿಲ್ಲ, ಅಷ್ಟೆ.

೩

ಗರ್ವಾಮರ್ಷಗಳೆರಡೂ ಸಂಚಾರಿಗಳು; ಬಂದು ಹೋಗತಕ್ಕವು. ಹೀಗಿರಲು ವೈರವು ನಿಲ್ಲುವುದು ಹೇಗೆ ಎಂಬ ಪ್ರಶ್ನೆಯು ಏಳುತ್ತದೆ. ಇದಕ್ಕೆ ಉತ್ತರವು ಸ್ಥಾಯಿಭಾವದ ವಿಚಾರದಲ್ಲಿ ದೊರೆಯುತ್ತದೆ. ದಶರೂಪಕಕಾರನಾದ ಧನಂಜಯನು ಸ್ಥಾಯಿಯನ್ನು ಉಪ್ಪಿನ ಆಗರಕ್ಕೆ ಹೋಲಿಸಿರುತ್ತಾನೆ. ಉಪ್ಪಿನ ಆಗರದಲ್ಲಿ ಬಿದ್ದುದೆಲ್ಲವೂ ಉಪ್ಪಾಗುವಂತೆ, ಸ್ಥಾಯಿಯು ತನಗೆ ಅನುಕೂಲವಾದ ಭಾವವನ್ನೂ ವಿರುದ್ಧವಾದ ಭಾವವನ್ನೂ ತನ್ನ ಸ್ವರೂಪಕ್ಕೇ ತಂದುಕೊಳ್ಳುತ್ತದೆ. ಅಮರ್ಷವು ಪದೇ ಪದೇ ಉದ್ದೀಪನಗೊಂಡು ಕ್ರೋಧದಲ್ಲಿ ನೆಲೆಗೊಂಡಾಗ ಇದೇ ಸ್ಥಿತಿಯು ಒದಗುತ್ತದೆ. ಎದುರುಪಕ್ಷದವನು ಗದರಿದರೆ ಅದು ಅವನ ಕ್ರೌರ್ಯಕ್ಕೆ ಸಾಕ್ಷಿ. ಮೃದುವಾಗಿ ಮಾತನಾಡಿದರೆ ಅದು ಅವನ ಕಪಟಕ್ಕೆ ಸಾಕ್ಷಿ. ಸುಮ್ಮನಿದ್ದರೆ ಅದು ಅವನ ಸೊಕ್ಕಿಗೆ ಸಾಕ್ಷಿ. ಇಂಥ ಮನಸ್ಸಿಗೆ ಸಂಧಿಯ ಮಾತೂ ಉಪ್ಪೇ ಆಗುತ್ತದೆ. ದೀರ್ಘಕಾಲದ ಸಂಘರ್ಷದಲ್ಲಿ ಸಿಕ್ಕಿದ ಸಮಾಜಗಳು ತಮ್ಮದೇ ಆದ ಸಾಮೂಹಿಕ ಸ್ಮೃತಿಯನ್ನೂ ನಂಬುಗೆಗಳನ್ನೂ ಭಾವಪ್ರವೃತ್ತಿಯನ್ನೂ ಕಟ್ಟಿಕೊಳ್ಳುತ್ತವೆಂದು ಇಸ್ರೇಲಿನ ಮನಶ್ಶಾಸ್ತ್ರಜ್ಞ ಡೇನಿಯಲ್ ಬಾರ್-ತಾಲ್ ಪ್ರತಿಪಾದಿಸಿರುವುದನ್ನು ಇಲ್ಲಿ ಹೋಲಿಸಿ ನೋಡಬಹುದು.

ಕನ್ನಡ ಕಾವ್ಯದಲ್ಲಿ ಇದಕ್ಕೆ ದುರ್ಯೋಧನನಿಗಿಂತ ಉತ್ತಮವಾದ ಉದಾಹರಣೆಯು ದೊರೆಯದು. ಅವನು ರಾಜ್ಯಲೋಭದಿಂದ ಕೆಟ್ಟನೆಂದು ಸಾಮಾನ್ಯವಾಗಿ ಹೇಳುವುದುಂಟು. ಕೌಟಿಲ್ಯನು ಹಾಗೆ ಹೇಳುವುದಿಲ್ಲ. ಅರ್ಥಶಾಸ್ತ್ರದ ಇಂದ್ರಿಯಜಯ ಪ್ರಕರಣದಲ್ಲಿ ಕಾಮ, ಕ್ರೋಧ, ಲೋಭ, ಮಾನ, ಮದ, ಹರ್ಷ ಎಂಬ ಆರು ಶತ್ರುಗಳಿಗೆ ಬಲಿಯಾದ ರಾಜರನ್ನು ಹೆಸರಿಸುವಾಗ, ರಾಜ್ಯದ ಭಾಗವನ್ನು ಕೊಡದ ದುರ್ಯೋಧನನನ್ನು ಅವನು ಲೋಭದ ಕೆಳಗೆ ಸೇರಿಸದೆ ಮಾನದ ಕೆಳಗೆ ಸೇರಿಸಿದ್ದಾನೆ. ಪಂಪನು ಛಲವನ್ನೇ ದುರ್ಯೋಧನನ ವಿಶಿಷ್ಟ ಗುಣವಾಗಿ ಎತ್ತಿ ಹೇಳಿರುವುದೂ ಇದಕ್ಕೆ ಹೊಂದುತ್ತದೆ. ಲೋಭಿಗೆ ಕೊಟ್ಟು ತೃಪ್ತಿಪಡಿಸಬಹುದು. ಮಾನಿಗೆ ಕೊಟ್ಟರೆ ಕೊಟ್ಟ ಕೈ ಮೇಲಾಯಿತೆಂಬುದೇ ಹೊಸ ಗಾಯವಾಗುತ್ತದೆ.

ರನ್ನನ ಗದಾಯುದ್ಧದಲ್ಲಿ ಈ ತತ್ತ್ವವು ಇನ್ನೂ ಸ್ಪಷ್ಟವಾಗಿದೆ. ತಂದೆತಾಯಿಗಳೂ ಭೀಷ್ಮನೂ ಸಂಧಿಯನ್ನು ಬೋಧಿಸಿದಾಗ ದುರ್ಯೋಧನನು ಒಪ್ಪುವುದಿಲ್ಲ. ಕರ್ಣ ದುಶ್ಶಾಸನರು ಹೋದ ಮೇಲೆ ಸಂಧಿಯೇ ಅವನಿಗೆ ದ್ರೋಹವಾಗಿ ತೋರುತ್ತದೆ. ಇಷ್ಟರಮಟ್ಟಿಗೆ ಅವನ ಶೋಕವೂ ವೈರದ ಉಪ್ಪಾಗಿದೆ. ವೈಶಂಪಾಯನ ಸರೋವರದಲ್ಲಿ ಅಡಗಿದ್ದವನನ್ನು ಹೊರಕ್ಕೆ ತರುವುದು ರಾಜ್ಯದಾಸೆಯೂ ಅಲ್ಲ, ಪ್ರಾಣಭಯವೂ ಅಲ್ಲ, ಭೀಮನ ಮೂದಲೆ. ಆ ಮೂದಲೆಯನ್ನು ಕೇಳಿದವನ ಮೈಯಲ್ಲಿ ತಂಪಾದ ಕೊಳದೊಳಗೂ ಬೆವರು ಮೂಡಿತೆಂಬ ಕವಿಯ ಕಲ್ಪನೆಯನ್ನು ತರಗತಿಗಳಲ್ಲಿ ಅತಿಶಯೋಕ್ತಿಯೆಂದು ಕೊಂಡಾಡುವುದುಂಟು. ಅತಿಶಯವು ಅಲ್ಲಿರುವುದು ನಿಜ. ಆದರೆ ಬೆವರುವುದು ಅಮರ್ಷಕ್ಕೆ ಭರತನು ಹೇಳಿದ ಅನುಭಾವವೆಂಬುದನ್ನು ನೆನೆದರೆ, ರನ್ನನು ಭಾವದ ನಿಜಸ್ಥಾನವನ್ನೇ ಮುಟ್ಟಿರುವನೆಂದು ತಿಳಿದುಬರುತ್ತದೆ. ಅಲ್ಲಿ ಬೆವರಿದುದು ಭಯದಿಂದಲ್ಲ, ಸಹಿಸಲಾರದ ಅವಮಾನದಿಂದ.

ಇನ್ನೊಂದು ವಿಷಯವನ್ನೂ ಭಾರತಕಥೆಯು ತೋರಿಸುತ್ತದೆ. ದ್ಯೂತಸಭೆಯಲ್ಲಿ ಗರ್ವಿಯಾಗಿ ನಡೆದ ದುರ್ಯೋಧನನೇ ಅದಕ್ಕೆ ಮೊದಲು ಇಂದ್ರಪ್ರಸ್ಥದ ಸಭಾಭವನದಲ್ಲಿ ನಗೆಗೀಡಾಗಿ ಅಮರ್ಷಿಯಾಗಿದ್ದನು. ತೀರದ ವೈರದಲ್ಲಿ ಇಬ್ಬರೂ ತಮ್ಮ ಅಮರ್ಷವನ್ನು ಬಲ್ಲರು. ತಮ್ಮ ಗರ್ವವನ್ನು ಅರಿಯರು. ಅವಮಾನಿತರು ತಾವೇ ಎಂದು ಎರಡು ಪಕ್ಷದವರೂ ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ.

೪

ಕಾವ್ಯದ ಮಾತು ಹೀಗಾದರೆ, ನಾಡಿನ ಚರಿತ್ರೆಯಲ್ಲಿ ಕಾವೇರಿಯ ವಿವಾದವು ಇದಕ್ಕೆ ನಿದರ್ಶನವಾಗಿದೆ. ೧೮೯೨ರ ಒಪ್ಪಂದದಿಂದ ಮೈಸೂರು ಸಂಸ್ಥಾನವು ಮದ್ರಾಸು ಸರ್ಕಾರದ ಸಮ್ಮತಿಯಿಲ್ಲದೆ ಹೊಸ ನೀರಾವರಿ ಕಾಮಗಾರಿಗಳನ್ನು ಕೈಕೊಳ್ಳಲಾಗದ ಸ್ಥಿತಿಗೆ ಬಂದಿತು. ೧೯೧೪ರ ಗ್ರಿಫಿನ್ ತೀರ್ಪು ಮೈಸೂರಿಗೆ ಅನುಕೂಲವಾಗಿದ್ದರೂ ಮದ್ರಾಸು ಸರ್ಕಾರದ ಮೇಲ್ಮನವಿಯಿಂದ ನಿಂತುಹೋಗಿ, ಕಡೆಗೆ ೧೯೨೪ರ ಒಪ್ಪಂದವಾಯಿತು. ಒಂದು ಕಡೆ ಸಾಮ್ರಾಜ್ಯದ ನೇರ ಆಳ್ವಿಕೆಯ ಪ್ರಾಂತ, ಮತ್ತೊಂದು ಕಡೆ ಅದೇ ಸಾಮ್ರಾಜ್ಯಕ್ಕೆ ಅಧೀನವಾದ ಸಂಸ್ಥಾನ. ಅಧಿಕನು ಮಾಡಿದ ಆಕ್ಷೇಪವೆಂಬ ಭರತನ ವಿಭಾವವು ಇಲ್ಲಿ ಪೂರ್ಣವಾಗಿ ಕಾಣುತ್ತದೆ. ಕನ್ನಡಿಗರ ಮನಸ್ಸಿನಲ್ಲಿ ಈ ಸ್ಮೃತಿಯು ಉಳಿದಿರುವುದು ಸಹಜ. ಆದರೆ ನದಿಯ ಕೆಳಗಣ ತಂಜಾವೂರಿನ ರೈತನ ಕಣ್ಣಿನಿಂದ ನೋಡಿದರೆ ಬಲಿಷ್ಠನು ಬೇರೆಯವನು. ನೂರಾರು ವರ್ಷಗಳಿಂದ ತನ್ನ ಗದ್ದೆಗೆ ಬರುತ್ತಿದ್ದ ನೀರಿನ ಬೀಗದ ಕೈ ಮೇಲಿನವನಲ್ಲಿದೆಯೆಂಬ ಭಯದಲ್ಲಿ ಅವನು ಬದುಕುತ್ತಾನೆ. ಹೀಗೆ ಒಂದು ಪಕ್ಷಕ್ಕೆ ಕಾನೂನಿನ ಬಲವೂ ಇನ್ನೊಂದು ಪಕ್ಷಕ್ಕೆ ನೆಲದ ಎತ್ತರದ ಬಲವೂ ಇರುವಲ್ಲಿ ಇಬ್ಬರೂ ಅಮರ್ಷಿಗಳೇ.

೧೯೯೦ರಲ್ಲಿ ನ್ಯಾಯಮಂಡಲಿಯು ರಚಿತವಾಯಿತು. ೧೯೯೧ರ ಮಧ್ಯಂತರ ಆದೇಶದ ತರುವಾಯ ಆ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ಹಿಂಸೆಯಲ್ಲಿ, ನದಿಯ ನೀರನ್ನು ಎಂದೂ ಹಂಚಿಕೊಳ್ಳದ ಬಡ ತಮಿಳರು ಪೆಟ್ಟು ತಿಂದರು. ೨೦೦೭ರ ಅಂತಿಮ ತೀರ್ಪಿನಲ್ಲಿ ೭೪೦ ಟಿ.ಎಂ.ಸಿ. ನೀರಿನಲ್ಲಿ ಕರ್ನಾಟಕಕ್ಕೆ ೨೭೦, ತಮಿಳುನಾಡಿಗೆ ೪೧೯ ಎಂದು ಗೊತ್ತಾಯಿತು. ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲನ್ನು ೨೮೪.೭೫ಕ್ಕೆ ಏರಿಸಿ ತಮಿಳುನಾಡಿನದನ್ನು ೪೦೪.೨೫ಕ್ಕೆ ಇಳಿಸಿತು. ಅಂತಿಮವಾಗಿ ಬದಲಾದುದು ೧೪.೭೫ ಟಿ.ಎಂ.ಸಿ. ಮಳೆ ಚೆನ್ನಾದ ವರ್ಷ ಯಾರೂ ಈ ಅಂಕಿಗಳನ್ನು ಸ್ಮರಿಸುವುದಿಲ್ಲ. ಮಳೆ ಕೈಕೊಟ್ಟ ವರ್ಷ ಅವೇ ಅಂಕಿಗಳು ಉದ್ದೀಪನವಿಭಾವಗಳಾಗುತ್ತವೆ. ವೈರವು ನಡುವಿನ ವರ್ಷಗಳಲ್ಲಿ ಸತ್ತಿರಲಿಲ್ಲ, ವಾಸನಾರೂಪವಾಗಿ ಮಲಗಿದ್ದಿತು.

ಇದನ್ನು ಎರಡು ರಾಜ್ಯಗಳ ರೋಗವೆಂದೇ ತಿಳಿಯಬಾರದು. ಹರಿಹರ ದಾವಣಗೆರೆಗಳ ನೆಲದಲ್ಲಿಯೇ ಭದ್ರಾ ಬಲದಂಡೆ ಕಾಲುವೆಯ ಮೇಲ್ಭಾಗದವರಿಗೂ ಕೊನೆಭಾಗದವರಿಗೂ ಕೊರತೆಯ ವರ್ಷಗಳಲ್ಲಿ ಇದೇ ಭಾವಗಳು ಏಳುತ್ತವೆ. ೨೦೨೩ರ ಬರದಲ್ಲಿ ನೀರನ್ನು ಸತತವಾಗಿ ಹರಿಸಬೇಕೇ ಅಥವಾ ನಡುನಡುವೆ ನಿಲ್ಲಿಸಿ ಹರಿಸಬೇಕೇ ಎಂಬ ಪ್ರಶ್ನೆಯು ಎದ್ದು ದಾವಣಗೆರೆಯ ರೈತರು ಬೀದಿಗಿಳಿದರು. ಭಾಷೆ ಒಂದೇ, ಸರ್ಕಾರ ಒಂದೇ. ಆದರೂ ಮೇಲಿನವನಿಗೆ ಕೆಳಗಿನವನ ಕಾಲುವೆ ಕಾಣುವುದಿಲ್ಲ. ಒಂದು ಕಾಲದಲ್ಲಿ ಹತ್ತಿಯ ಗಿರಣಿಗಳಿಂದ ಪ್ರಸಿದ್ಧವಾದ ದಾವಣಗೆರೆಯಲ್ಲಿ ಈಗ ಕರೂರು ಕೈಗಾರಿಕಾ ಪ್ರದೇಶವಿದೆ. ಇಂಥ ಎಡೆಗಳಲ್ಲಿ ಮಾಲಿಕ ಕಾರ್ಮಿಕರ ಸಂಬಂಧವೂ ಈ ನಿಯಮಕ್ಕೆ ಹೊರತಾಗಲಾರದು. ಕೂಲಿಯ ವ್ಯತ್ಯಾಸವನ್ನು ಲೆಕ್ಕದ ಪುಸ್ತಕವು ತೀರಿಸಬಲ್ಲುದು. ಕೊಟ್ಟ ಅರ್ಜಿಗೆ ಉತ್ತರವೇ ಬಾರದಿದ್ದರೆ, ಗೇಟಿನ ಬಳಿ ಕೆಲಸಗಾರನಿಗೆ ಏಕವಚನದ ಗದರಿಕೆ ಬಿದ್ದರೆ, ಅದನ್ನು ಯಾವ ಲೆಕ್ಕವೂ ತೀರಿಸಲಾರದು. ಉತ್ತರ ಕೊಡದಿರುವುದನ್ನು ಭರತನು ಗರ್ವದ ಅನುಭಾವಗಳಲ್ಲಿ ಸೇರಿಸಿದುದರ ಔಚಿತ್ಯವು ಇಲ್ಲಿ ತಿಳಿಯುತ್ತದೆ.

೫

ಇನ್ನು ಪರಿಹಾರದ ವಿಚಾರ. ಕ್ರೋಧವನ್ನು ಬಿಡಿರೆಂದು ಬೋಧಿಸುವುದು ಒಂದು ಮಾರ್ಗ. ಅದು ಯತಿಗಳಿಗೆ ಸಾಧ್ಯ, ಸಮೂಹಗಳಿಗೆ ದುಸ್ಸಾಧ್ಯ. ಪಾಲನ್ನು ಹಂಚಿ ಕೊಡುವುದು ಎರಡನೆಯ ಮಾರ್ಗ. ಅದು ಅವಶ್ಯವೇ ಸರಿ, ಆದರೆ ಸಾಲದೆಂಬುದು ಮೇಲಿನ ನಿದರ್ಶನಗಳಿಂದ ಸ್ಪಷ್ಟವಾಗಿದೆ. ಕರ್ಣಾಟಕದ ಶಾಸನಗಳಲ್ಲಿ ಮೂರನೆಯ ಮಾರ್ಗವೊಂದು ಕಾಣಬರುತ್ತದೆ.

೧೩೬೮ರ ಶ್ರವಣಬೆಳಗೊಳದ ಶಾಸನವು ವಿದ್ವಾಂಸರಿಗೆ ಪರಿಚಿತವಾದುದೇ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಎಡೆಗಳ ಜೈನರು ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ವಿಜಯನಗರದ ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ರಾಜನು ಶ್ರೀವೈಷ್ಣವ ಪ್ರಮುಖರ ಸಮಕ್ಷದಲ್ಲಿ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಜೈನದರ್ಶನಕ್ಕೆ ಪಂಚಮಹಾವಾದ್ಯಗಳೂ ಕಳಶವೂ ಹಿಂದಿನಂತೆಯೇ ಸಲ್ಲತಕ್ಕವೆಂದು ವಿಧಿಸಿದನು. ಇಷ್ಟೇ ಆಗಿದ್ದರೆ ಇದು ಹಂಚಿಕೆಯ ತೀರ್ಪಾಗುತ್ತಿತ್ತು. ಮುಂದಿನ ಭಾಗವೇ ವಿಶೇಷವಾದುದು. ಜೈನದರ್ಶನಕ್ಕೆ ಒದಗುವ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮ ಹಾನಿವೃದ್ಧಿಗಳೆಂದೇ ಭಾವಿಸತಕ್ಕದ್ದು. ರಾಜ್ಯದ ಜೈನರು ವರ್ಷಕ್ಕೆ ಮನೆಗೊಂದು ಹಣದಂತೆ ಕೊಡುವುದನ್ನು ತಿರುಮಲೆಯ ತಾತಯ್ಯನು ಸ್ವೀಕರಿಸಿ, ಬೆಳಗೊಳದ ದೇವರ ಅಂಗರಕ್ಷೆಗಾಗಿ ಇಪ್ಪತ್ತು ಆಳುಗಳನ್ನು ನೇಮಿಸಿ, ಉಳಿದ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣವನ್ನು ಬಳಿಸತಕ್ಕದ್ದು. ತಪ್ಪಿದವನು ರಾಜದ್ರೋಹಿ, ಸಂಘದ್ರೋಹಿ.

ಇಲ್ಲಿ ರಾಜನು ಮಾಡಿದುದೇನು? ಬಲಿಷ್ಠ ಪಕ್ಷದ ಮಾನವನ್ನು ಅವನು ಮುರಿಯಲಿಲ್ಲ. ಮುರಿದಿದ್ದರೆ ಅಲ್ಲಿ ಹೊಸ ಅಮರ್ಷವು ಹುಟ್ಟುತ್ತಿತ್ತು. ಆ ಮಾನವನ್ನು ಅವನು ಬೇರೊಂದು ಕಂಬಕ್ಕೆ ಕಟ್ಟಿದನು. ನೆನ್ನೆಯವರೆಗೆ ಬಸದಿಯ ಮರ್ಯಾದೆಯನ್ನು ತಗ್ಗಿಸುವುದರಲ್ಲಿದ್ದ ಹೆಮ್ಮೆಯು ಇಂದಿನಿಂದ ಬಸದಿಯನ್ನು ಕಾಯುವುದರಲ್ಲಿರಬೇಕಾಯಿತು. ಕಾವಲಿನ ಆಳಿಗೆ ಸಂಬಳ, ಗೋಡೆಗೆ ಸುಣ್ಣ, ಮನೆಗೊಂದು ಹಣ: ಸಂಧಿಯು ವರ್ಷವರ್ಷವೂ ಮಾಡಬೇಕಾದ ಕೆಲಸವಾಯಿತು.

೧೬೩೮ರ ಹಳೇಬೀಡಿನ ಶಾಸನವೂ ಇದೇ ಜಾತಿಯದು. ಅಲ್ಲಿಯ ವಿಜಯಪಾರ್ಶ್ವನಾಥ ಬಸದಿಯ ಕಂಬದ ಮೇಲೆ ವೀರಶೈವನೊಬ್ಬನು ಲಿಂಗಮುದ್ರೆಯನ್ನೊತ್ತಿದನು. ಜೈನನೊಬ್ಬನು ಅದನ್ನು ಅಳಿಸಿದನು. ಎರಡು ಪಕ್ಷಗಳ ಪ್ರಮುಖರೂ ಕೂಡಿ ಒಪ್ಪಂದವನ್ನು ಮಾಡಿಕೊಂಡರು. ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ ಅನಂತರ ಜೈನರು ತಮ್ಮ ಪೂಜೆಯನ್ನು ನಡಸಿಕೊಳ್ಳಬಹುದೆಂದು ನಿಶ್ಚಯವಾಯಿತು. ಅದಕ್ಕೆ ಅಡ್ಡಿಮಾಡಿದವನು ಶಿವದ್ರೋಹಿ ಎಂದು ವೀರಶೈವ ಮಹತ್ತಿನವರೇ ಸಾರಿದರು. ಈ ಸಂಧಿಯಲ್ಲಿ ಸಮಾನತೆಯಿಲ್ಲವೆಂಬುದು ನಿಜ. ವೀಳ್ಯವನ್ನು ಮೊದಲು ಕೊಡಬೇಕಾದವನು ದುರ್ಬಲನೇ. ಆದರೆ ದುರ್ಬಲನಿಗೆ ಅಡ್ಡಬರುವುದು ಸ್ವಧರ್ಮಕ್ಕೇ ದ್ರೋಹವೆಂಬ ಮಾತು ಬಲಿಷ್ಠನ ಬಾಯಿಂದಲೇ ಹೊರಟು ಕಲ್ಲಿನ ಮೇಲೆ ನಿಂತಿತು. ಪರಪಕ್ಷದವನು ವಿಧಿಸಿದ ತಡೆಯು ಅಮರ್ಷವನ್ನು ಹುಟ್ಟಿಸುತ್ತದೆ. ಸ್ವಪಕ್ಷದ ಹಿರಿಯರು ವಿಧಿಸಿದ ತಡೆಯು ಲಜ್ಜೆಯನ್ನು ಹುಟ್ಟಿಸುತ್ತದೆ. ವೈರವನ್ನು ತಡೆಯಬಲ್ಲ ಭಾವವು ಲಜ್ಜೆಯೇ.

ಇದಕ್ಕೆ ದೂರದ ಸಮರ್ಥನೆಯೊಂದುಂಟು. ೧೯೫೪ರಲ್ಲಿ ಅಮೆರಿಕದ ಒಕ್ಲಹೋಮಾ ಪ್ರಾಂತದ ಒಂದು ಬಿಡಾರದಲ್ಲಿ ಮುಜಫರ್ ಷೆರಿಫ್ ಎಂಬ ಮನಶ್ಶಾಸ್ತ್ರಜ್ಞನು ಬಾಲಕರನ್ನು ಎರಡು ತಂಡಗಳಾಗಿ ಮಾಡಿ ಸ್ಪರ್ಧೆಗೆ ಬಿಟ್ಟಾಗ ಅವರಲ್ಲಿ ಬೇಗನೆ ವೈರವು ಬೆಳೆಯಿತು. ಒಟ್ಟಿಗೆ ಊಟಕ್ಕೆ ಕೂಡಿಸಿದುದರಿಂದ ಅದು ತಗ್ಗಲಿಲ್ಲ. ಕುಡಿಯುವ ನೀರಿನ ಸರಬರಾಜು ಕೆಟ್ಟು ಇಬ್ಬರೂ ಸೇರಿ ಅದನ್ನು ಸರಿಪಡಿಸಬೇಕಾಗಿ ಬಂದುದು ಮೊದಲಾದ ಸಮಾನ ಕಾರ್ಯಗಳಿಂದ ಕ್ರಮೇಣ ತಗ್ಗಿತು. ಕಾವೇರಿಯ ವಿಷಯದಲ್ಲಿಯೂ ೨೦೦೩ರಲ್ಲಿ ಉಭಯ ರಾಜ್ಯಗಳ ರೈತರು ಕೂಡಿ "ಕಾವೇರಿ ಕುಟುಂಬ"ವೆಂಬ ಮಂಡಲಿಯನ್ನು ಕಟ್ಟಿಕೊಂಡು ಪರಸ್ಪರರ ಹೊಲಗದ್ದೆಗಳನ್ನು ನೋಡಿ ಬಂದರು. ವಿವಾದವು ಅದರಿಂದ ತೀರಲಿಲ್ಲ. ಆದರೂ ಎದುರಿಗಿರುವವನ ಹಣೆಯ ಮೇಲಿನ ಅಕ್ಷರವನ್ನು ಅವನ ಕಡೆಯಿಂದ ಓದುವ ಅಭ್ಯಾಸವು ಅಲ್ಲಿ ಆರಂಭವಾಯಿತೆನ್ನಬಹುದು.

೬

ಈಗ ಕೂಡಲೂರಿನ ಮೂರ್ತಿಯ ಕಡೆಗೆ ಹಿಂದಿರುಗಿ ನೋಡಿದರೆ ಅದರ ಶಿಲ್ಪವೇ ಒಂದು ಸಿದ್ಧಾಂತವಾಗಿ ತೋರುತ್ತದೆ. ಬಲಭಾಗವು ಹರ, ಎಡಭಾಗವು ಹರಿ. ಎರಡನ್ನೂ ಬೆರಸಿ ಮೂರನೆಯ ದೈವವೊಂದನ್ನು ಶಿಲ್ಪಿಯು ಕಲ್ಪಿಸಲಿಲ್ಲ. ಒಂದರ ಲಾಂಛನವನ್ನು ಅಳಿಸಿ ಇನ್ನೊಂದನ್ನು ಕೆತ್ತಲೂ ಇಲ್ಲ. ತ್ರಿಶೂಲ ಹಿಡಿದ ಕೈ ಅದನ್ನು ಹಿಡಿದಿದೆ. ಚಕ್ರ ಹಿಡಿದ ಕೈ ಅದನ್ನು ಹಿಡಿದಿದೆ. ನಡುವಣ ಗೆರೆಯು ಉಳಿದೇ ಇದೆ. ಆದರೆ ಒಂದು ಭಾಗಕ್ಕೆ ಬಿದ್ದ ಪೆಟ್ಟು ಇನ್ನೊಂದು ಭಾಗಕ್ಕೆ ನೋಯದಿರುವಂತಿಲ್ಲ. ಹಾನಿವೃದ್ಧಿಗಳು ಸಮಾನವೆಂದು ಬುಕ್ಕರಾಯನು ವಿಧಿಸಿದುದು ಈ ಶರೀರಧರ್ಮವನ್ನೇ.

ಆದಕಾರಣ ತೀರದ ವೈರಗಳ ವಿಷಯದಲ್ಲಿ ಕೇಳಬೇಕಾದ ಮೊದಲನೆಯ ಪ್ರಶ್ನೆಯು ಯಾರಿಗೆ ಎಷ್ಟು ಸಲ್ಲಬೇಕೆಂಬುದಲ್ಲ. ಯಾರ ಮಾನವು ಯಾವುದಕ್ಕೆ ಕಟ್ಟಲ್ಪಟ್ಟಿದೆ, ಬಲವುಳ್ಳವನ ಹೆಮ್ಮೆಯನ್ನು ಬಲವಿಲ್ಲದವನ ರಕ್ಷಣೆಗೆ ಕಟ್ಟುವ ಬಗೆ ಯಾವುದು ಎಂಬುದು. ಬುಕ್ಕರಾಯನಂಥ ಪ್ರಭು ಈಗ ಇಲ್ಲ. ನ್ಯಾಯಾಲಯಗಳೂ ಮಂಡಲಿಗಳೂ ಇವೆ. ಅವು ನೀರನ್ನೂ ನೆಲವನ್ನೂ ಕೂಲಿಯನ್ನೂ ಅಳೆದು ಕೊಡಬಲ್ಲವು. ವರ್ಷಕ್ಕೊಮ್ಮೆ ಎದುರುಪಕ್ಷದವನ ಗೋಡೆಗೆ ಸುಣ್ಣ ಬಳಿಸುವ ಕೆಲಸವನ್ನು ಮಾತ್ರ ಪಕ್ಷದವರೇ ಮಾಡಬೇಕು.